ಮುಧೋಳ ನಾಯಿಯೋ, ಸಣ್ಣ ನಾಯಿಯೋ?

ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆ ನಾಯಿ ಸಾಕುವ ಮಾತು ಬಂದರೆ ಮೊದಲು ಕೇಳುವ ಹೆಸರು ಮುಧೋಳ ತಳಿ. ಬಯಲಲ್ಲಿ ಮೊಲ ಬೆನ್ನಟ್ಟಲು ಬೆಳೆಸಿದ ಬೇಟೆನಾಯಿ ಇದು. ಉದ್ದ ಕಾಲು, ಒಳಸರಿದ ಹೊಟ್ಟೆ ಅದಕ್ಕೇ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ತಳಿಗೆ ಆಸರೆಯಾದರು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಸೇನೆ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಇದೆ.

ಈಗ ಮೊಲದ ಬೇಟೆ ಅಪರಾಧ. ಬೇಟೆ ನಿಂತರೂ ನಾಯಿಯ ಓಟದ ಹಸಿವು ಹೋಗಿಲ್ಲ. ಹೊಲ, ತೋಟದ ಮನೆ ಇದ್ದವರು ಕಾವಲಿಗೆ ಧಾರಾಳವಾಗಿ ಸಾಕಬಹುದು. ಬನಹಟ್ಟಿಯ ಮಗ್ಗದ ಓಣಿಯಲ್ಲಿ ಎರಡು ಕೋಣೆಯ ಮನೆಯಿದ್ದರೆ ಸಣ್ಣ ನಾಯಿಯೇ ಸರಿ. ಹೆಸರಿನ ಆಸೆಗೆ ಮುಧೋಳ ಮರಿ ತಂದು ದಿನವಿಡೀ ಸರಪಳಿಯಲ್ಲಿ ಕಟ್ಟಬೇಡಿ.