ನೈಟ್ ಆಫ್ ದಿ ಲಿವಿಂಗ್ ಡೆಡ್

ನೈಟ್ ಆಫ್ ದಿ ಲಿವಿಂಗ್ ಡೆಡ್ 1968ರಲ್ಲಿ ತೆರೆಕಂಡ, ಜಾರ್ಜ್ ಎ. ರೊಮೆರೊ ನಿರ್ದೇಶನದ ಅಮೆರಿಕದ ಭಯಾನಕ ಚಲನಚಿತ್ರ. ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದ ಕೆಲವು ಸ್ನೇಹಿತರು ಹಾಲಿವುಡ್ಡಿನ ನೆರವಿಲ್ಲದೆ, ಸುಮಾರು 1,14,000 ಡಾಲರ್ ವೆಚ್ಚದಲ್ಲಿ ಇದನ್ನು ಕಪ್ಪು-ಬಿಳುಪಿನಲ್ಲಿ ನಿರ್ಮಿಸಿದರು. ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನುವ, ಇಂದು ‘ಜಾಂಬಿ ಚಿತ್ರ’ ಎನಿಸಿಕೊಂಡಿರುವ ಪ್ರಕಾರಕ್ಕೆ ಅಡಿಪಾಯ ಹಾಕಿದ್ದು ಈ ಚಿತ್ರವೇ. ಆದರೆ ‘ಜಾಂಬಿ’ ಎಂಬ ಪದ ಚಿತ್ರದಲ್ಲಿ ಎಲ್ಲಿಯೂ ಬರುವುದಿಲ್ಲ. ಬಿಡುಗಡೆಯ ವೇಳೆ ನಡೆದ ಒಂದು ಲೋಪದಿಂದ ಚಿತ್ರವು ಹಕ್ಕುಸ್ವಾಮ್ಯವನ್ನು ಕಳೆದುಕೊಂಡು ಸಾರ್ವಜನಿಕ ಸ್ವತ್ತಾಯಿತು. ತಯಾರಕರ ಪಾಲಿಗೆ ನಷ್ಟವಾದ ಆ ಲೋಪವೇ ಚಿತ್ರವನ್ನು ಊರೂರಿಗೆ ತಲುಪಿಸಿತು.

ಕಥಾವಸ್ತು

ಬಾರ್ಬ್ರಾ ಮತ್ತು ಅವಳ ಅಣ್ಣ ಜಾನಿ ತಂದೆಯ ಸಮಾಧಿಗೆ ಹೂವಿಡಲು ಬಂದಾಗ ಅಪರಿಚಿತನೊಬ್ಬ ಅವರ ಮೇಲೆರಗುತ್ತಾನೆ. ಓಡಿಹೋದ ಬಾರ್ಬ್ರಾ ಒಂದು ಒಂಟಿ ತೋಟದ ಮನೆಯನ್ನು ಸೇರುತ್ತಾಳೆ. ಅಲ್ಲಿಗೆ ಬರುವ ಬೆನ್ ಎಂಬ ಕಪ್ಪು ಜನಾಂಗದ ಯುವಕ ಬಾಗಿಲು ಕಿಟಕಿಗಳಿಗೆ ಹಲಗೆ ಬಡಿದು ಮನೆಯನ್ನು ಭದ್ರಪಡಿಸುತ್ತಾನೆ. ನೆಲಮಾಳಿಗೆಯಲ್ಲಿ ಅಡಗಿದ್ದ ಹ್ಯಾರಿ ಕೂಪರನಿಗೂ ಬೆನ್‌ಗೂ, ಮೇಲೆ ಇರುವುದು ಕ್ಷೇಮವೋ ಕೆಳಗೋ ಎಂಬ ಜಗಳ ಹತ್ತಿಕೊಳ್ಳುತ್ತದೆ. ಹೊರಗಿನ ಹೆಣಗಳಿಗಿಂತ ಒಳಗಿನವರ ಈ ಹಟವೇ ಮನೆಯನ್ನು ಹಾಳುಮಾಡುತ್ತದೆ. ಕೊನೆಗೆ ಬೆನ್ ಒಬ್ಬನೇ ಉಳಿಯುತ್ತಾನೆ, ಅದೂ ತಾನು ವಿರೋಧಿಸಿದ್ದ ನೆಲಮಾಳಿಗೆಯಲ್ಲಿ. ಬೆಳಗಾದಾಗ ಪ್ರೇತಗಳನ್ನು ಬೇಟೆಯಾಡುತ್ತ ಬಂದ ಶಸ್ತ್ರಧಾರಿಗಳ ಗುಂಪು ಅವನನ್ನೂ ಪ್ರೇತವೆಂದು ಭಾವಿಸಿ ಗುಂಡಿಕ್ಕುತ್ತದೆ. ಶವವನ್ನು ಕೊಂಡಿಗಳಿಂದ ಎಳೆದೊಯ್ಯುವ ದೃಶ್ಯವನ್ನು ಸ್ಥಿರಚಿತ್ರಗಳಲ್ಲಿ ತೋರಿಸಿ ಚಿತ್ರ ಮುಗಿಯುತ್ತದೆ.

ನಿರ್ಮಾಣ

ರೊಮೆರೊ ಮತ್ತು ಸಂಗಡಿಗರು ‘ದಿ ಲೇಟೆಂಟ್ ಇಮೇಜ್’ ಎಂಬ ಸಂಸ್ಥೆಯಲ್ಲಿ ದೂರದರ್ಶನದ ಜಾಹೀರಾತುಗಳನ್ನು ತಯಾರಿಸುತ್ತಿದ್ದರು. ಮಕ್ಕಳ ಅಚ್ಚುಮೆಚ್ಚಿನ ಫ್ರೆಡ್ ರಾಜರ್ಸ್ ಅವರ ಕಾರ್ಯಕ್ರಮಕ್ಕೂ ರೊಮೆರೊ ಕಿರುಚಿತ್ರಗಳನ್ನು ಮಾಡಿಕೊಟ್ಟಿದ್ದರೆಂಬುದು ಕುತೂಹಲದ ಸಂಗತಿ. ಹತ್ತು ಮಂದಿ ತಲಾ 600 ಡಾಲರ್ ಹಾಕಿ ‘ಇಮೇಜ್ ಟೆನ್’ ಎಂಬ ಕಂಪನಿಯನ್ನು ಕಟ್ಟಿದರು. ಉಳಿದ ಹಣ ಆಮೇಲೆ ಕೂಡಿಬಂತು. ಕಥೆಯನ್ನು ರೊಮೆರೊ ಮತ್ತು ಜಾನ್ ರುಸ್ಸೊ ಬರೆದರು. ರಿಚರ್ಡ್ ಮ್ಯಾಥೆಸನ್ನರ 1954ರ ಕಾದಂಬರಿ ‘ಐ ಆಮ್ ಲೆಜೆಂಡ್’ ತಮಗೆ ಪ್ರೇರಣೆಯೆಂದು ರೊಮೆರೊ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಇವಾನ್ಸ್ ಸಿಟಿಯ ಬಳಿ ಕೆಡವಲು ಗೊತ್ತುಮಾಡಿದ್ದ ಮನೆಯೊಂದರಲ್ಲಿ 1967ರಲ್ಲಿ ಚಿತ್ರೀಕರಣ ನಡೆಯಿತು. ಒಬ್ಬೊಬ್ಬರೂ ನಾಲ್ಕಾರು ಕೆಲಸ ಹೊತ್ತರು. ಕೂಪರ್ ದಂಪತಿಯಾಗಿ ನಟಿಸಿದ ಕಾರ್ಲ್ ಹಾರ್ಡ್‌ಮನ್ ಮತ್ತು ಮೆರಿಲಿನ್ ಈಸ್ಟ್‌ಮನ್ ಪ್ರಸಾಧನ, ಶಬ್ದಗಳನ್ನೂ ನೋಡಿಕೊಂಡರು. ಅವರ ಮಗಳ ಪಾತ್ರ ಹಾರ್ಡ್‌ಮನ್ನರ ಸ್ವಂತ ಮಗಳದು. ಚಾಕೊಲೇಟ್ ಸಿರಪ್ಪೇ ರಕ್ತವಾಯಿತು. ಕಪ್ಪು-ಬಿಳುಪಿನಲ್ಲಿ ಅದರ ಬಣ್ಣ ಯಾರಿಗೂ ತಿಳಿಯದು. ಹಿನ್ನೆಲೆ ಸಂಗೀತವನ್ನು ಮೊದಲೇ ಮುದ್ರಿತವಾಗಿದ್ದ ಸಂಗ್ರಹದಿಂದ ಆಯ್ದುಕೊಂಡರು. ಬಡತನವೇ ಇಲ್ಲಿ ಶೈಲಿಯಾಗಿದೆ: ಒರಟಾದ ಬೆಳಕು, ಅಪರಿಚಿತ ಮುಖಗಳು, ನಡುನಡುವೆ ಬರುವ ಸುದ್ದಿವಾಚನ ಇವೆಲ್ಲ ಸೇರಿ ಚಿತ್ರಕ್ಕೆ ವಾರ್ತಾಚಿತ್ರದ ಕಳೆ ತಂದಿವೆ.

ಶೀರ್ಷಿಕೆ ಮತ್ತು ಹಕ್ಕುಸ್ವಾಮ್ಯ

ಚಿತ್ರದ ಮೊದಲ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. ವಿತರಣೆಗೆ ಒಪ್ಪಿಕೊಂಡ ವಾಲ್ಟರ್ ರೀಡ್ ಸಂಸ್ಥೆ ಹೆಸರನ್ನು ಬದಲಿಸಿತು. ಹಕ್ಕುಸ್ವಾಮ್ಯದ ಸೂಚನೆ ಹಳೆಯ ಶೀರ್ಷಿಕೆಯ ಫಲಕದ ಮೇಲೆಯೇ ಇದ್ದುದರಿಂದ ಫಲಕದೊಡನೆ ಅದೂ ಹೋಯಿತು. ಹೊಸ ಫಲಕದಲ್ಲಿ ಸೂಚನೆಯನ್ನು ಸೇರಿಸಲಿಲ್ಲ. ಆಗ ಜಾರಿಯಲ್ಲಿದ್ದ ಅಮೆರಿಕದ 1909ರ ಕಾನೂನಿನ ಪ್ರಕಾರ ಪ್ರಕಟಿತ ಪ್ರತಿಯ ಮೇಲೆ ಸೂಚನೆಯಿಲ್ಲದಿದ್ದರೆ ಹಕ್ಕೇ ಇಲ್ಲ. (ಸೂಚನೆ ಕಡ್ಡಾಯವೆಂಬ ನಿಯಮ ಅಲ್ಲಿ ರದ್ದಾದದ್ದು 1989ರಲ್ಲಿ.) ಒಂದು ಸಾಲಿನ ಬರಹಕ್ಕೆ ಇಷ್ಟು ದುಬಾರಿ ಬೆಲೆ ತೆತ್ತ ಚಿತ್ರಗಳು ವಿರಳ.

ಇದರಿಂದ ಯಾರು ಬೇಕಾದರೂ ಪ್ರತಿ ತೆಗೆದು ಮಾರಬಹುದಾಯಿತು. ಸ್ಥಳೀಯ ದೂರದರ್ಶನ ಕೇಂದ್ರಗಳು ನಡುರಾತ್ರಿ ಇದನ್ನು ಪ್ರಸಾರ ಮಾಡಿದವು. ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲಿ ಹಲವು ಕಂಪನಿಗಳು ಮಸುಕು ಮಸುಕಾದ ಪ್ರತಿಗಳನ್ನು ಅಗ್ಗದ ದರಕ್ಕೆ ಹೊರತಂದವು. ಈ ಮಾರಾಟದ ಹಣ ತಯಾರಕರಿಗೆ ಸೇರಲಿಲ್ಲ. ದೊಡ್ಡ ಪ್ರಚಾರವಿಲ್ಲದ ಒಂದು ಪ್ರಾಂತೀಯ ಚಿತ್ರವನ್ನು ತಲೆಮಾರಿನ ನಂತರ ತಲೆಮಾರು ಹೊಸದಾಗಿ ಕಂಡುಕೊಂಡದ್ದು ಮಾತ್ರ ಈ ದಾರಿಯಿಂದಲೇ.

ಸ್ವೀಕೃತಿ

ಮೊದಲ ಪ್ರದರ್ಶನ 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗಿನಲ್ಲಿ ನಡೆಯಿತು. ಪ್ರೇಕ್ಷಕರ ವಯಸ್ಸಿಗೆ ತಕ್ಕಂತೆ ಚಿತ್ರಗಳನ್ನು ವರ್ಗೀಕರಿಸುವ ಪದ್ಧತಿ ಅಮೆರಿಕದಲ್ಲಿ ಜಾರಿಗೆ ಬಂದದ್ದು ಮರುತಿಂಗಳು. ಹೀಗಾಗಿ ಮಧ್ಯಾಹ್ನದ ಆಟಗಳಿಗೆ ಚಿಕ್ಕ ಮಕ್ಕಳೂ ಬಂದರು. ವಿಮರ್ಶಕ ರೋಜರ್ ಈಬರ್ಟ್ 1969ರ ಆರಂಭದಲ್ಲಿ ಬರೆದ ಲೇಖನದಲ್ಲಿ ಚಿತ್ರಕ್ಕಿಂತ ಹೆಚ್ಚಾಗಿ ಚಿತ್ರಮಂದಿರದಲ್ಲಿ ಅಳುತ್ತ ಕುಳಿತಿದ್ದ ಆ ಮಕ್ಕಳನ್ನೇ ವರ್ಣಿಸಿದರು. ಅವರ ಆಕ್ಷೇಪ ನ್ಯಾಯವಾದುದು. ಅದು ಚಿತ್ರದ ಯೋಗ್ಯತೆಯ ಪ್ರಶ್ನೆಯಲ್ಲ, ಅದನ್ನು ಯಾರಿಗೆ ತೋರಿಸಬೇಕೆಂಬ ಪ್ರಶ್ನೆ. 1970ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಚಿತ್ರವನ್ನು ಪ್ರದರ್ಶಿಸಿದ ಬಳಿಕ ಚರ್ಚೆಯ ಧಾಟಿಯೇ ಬದಲಾಯಿತು.

ಬೆನ್ ಪಾತ್ರಧಾರಿ ಡ್ಯುಯೇನ್ ಜೋನ್ಸ್ ಕುರಿತು ನಡೆದಷ್ಟು ಚರ್ಚೆ ಚಿತ್ರದ ಬೇರೆ ಯಾವ ಅಂಶದ ಕುರಿತೂ ನಡೆದಿಲ್ಲ. ಪರೀಕ್ಷೆಗೆ ಬಂದವರಲ್ಲಿ ಅವರೇ ಉತ್ತಮರಾಗಿದ್ದರು, ಬಣ್ಣ ನೋಡಿ ಆಯ್ಕೆ ಮಾಡಲಿಲ್ಲ ಎಂದು ರೊಮೆರೊ ಪದೇ ಪದೇ ಹೇಳಿದರು. ಆದರೆ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷದಲ್ಲಿ ಬಿಳಿಯರ ಬಂದೂಕಿಗೆ ಬೆನ್ ಬಲಿಯಾಗುವುದನ್ನು ಕಂಡ ಪ್ರೇಕ್ಷಕರು ಬೇರೆ ಅರ್ಥ ಮಾಡಿಕೊಂಡದ್ದು ಸಹಜ. ಉಪನ್ಯಾಸಕರೂ ಆಗಿದ್ದ ಜೋನ್ಸ್, ಒರಟು ಲಾರಿ ಚಾಲಕನಂತೆ ಬರೆದಿದ್ದ ಪಾತ್ರದ ಮಾತುಗಳನ್ನು ತಾವೇ ತಿದ್ದಿಕೊಂಡರು. ಬೆನ್ನನ ಗಾಂಭೀರ್ಯ ಬಹುಮಟ್ಟಿಗೆ ಅವರ ಕೊಡುಗೆ.

ನಂತರದ ಬೆಳವಣಿಗೆಗಳು

ರೊಮೆರೊ ‘ಡಾನ್ ಆಫ್ ದಿ ಡೆಡ್’ (1978), ‘ಡೇ ಆಫ್ ದಿ ಡೆಡ್’ (1985) ಮೊದಲಾದ ಚಿತ್ರಗಳಲ್ಲಿ ಈ ಕಲ್ಪನೆಯನ್ನು ಮುಂದುವರಿಸಿದರು. 1990ರಲ್ಲಿ ಟಾಮ್ ಸವಿನಿ ನಿರ್ದೇಶನದಲ್ಲಿ ಮರುನಿರ್ಮಾಣವೂ ಆಯಿತು. 1999ರಲ್ಲಿ ಮೂಲ ಚಿತ್ರವು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು. 2016ರಲ್ಲಿ ಆಧುನಿಕ ಕಲಾ ವಸ್ತುಸಂಗ್ರಹಾಲಯ ಮತ್ತು ಫಿಲ್ಮ್ ಫೌಂಡೇಶನ್ ಇದರ ಪುನರುಜ್ಜೀವಿತ ಪ್ರತಿಯನ್ನು ಹೊರತಂದವು. ಅಗ್ಗದ ಪ್ರತಿಗಳನ್ನಷ್ಟೇ ನೋಡಿದ್ದವರಿಗೆ ಅದರಲ್ಲಿ ಮೊದಲ ಬಾರಿಗೆ ನೆರಳು ಬೆಳಕಿನ ಸೂಕ್ಷ್ಮಗಳು ಕಾಣಿಸಿದವು. ರೊಮೆರೊ 2017ರ ಜುಲೈ 16ರಂದು ನಿಧನರಾದರು.