ಕುದುರೆಯ ನೆಗೆತ

‘ಕುದುರೆ ಹಾರಿತು’ ಎಂದು ಬರೆಯಲು ಎರಡು ಶಬ್ದ ಸಾಕು. ಆ ಎರಡು ಶಬ್ದಗಳ ಹಿಂದೆ ಏನೇನು ಇರಬೇಕಾಗುತ್ತದೆ ಎಂಬುದನ್ನು ಇಪ್ಪತ್ತೆಂಟು ವರ್ಷ ಪಾಠ ಹೇಳಿಯೂ ನಾನು ವಿಚಾರಿಸಿರಲಿಲ್ಲ. ವಿಚಾರಿಸುವಂತೆ ಮಾಡಿದವನು ನಮ್ಮ ಶಾಲೆಯ ಹತ್ತನೆಯ ಇಯತ್ತೆಯ ಒಬ್ಬ ಹುಡುಗ.

ಅವನ ಅಣ್ಣ ಬೆಳಗಾವಿಯಲ್ಲಿ ಓದುತ್ತಾನೆ. ರಜೆಗೆ ಮುನವಳ್ಳಿಗೆ ಬರುವಾಗ ತನ್ನ ಕಂಪ್ಯೂಟರನ್ನೂ ತರುತ್ತಾನೆ. ಅದರಲ್ಲಿ ಮಧ್ಯಯುಗದ ಕಾಳಗದ ಆಟವೊಂದುಂಟು. ಹೆಸರು ‘ಮೌಂಟ್ ಅಂಡ್ ಬ್ಲೇಡ್’. ತುರ್ಕಿ ದೇಶದ ಅಂಕಾರಾ ನಗರದ ಟೇಲ್‌ವರ್ಲ್ಡ್ಸ್ ಎಂಬ ಸಂಸ್ಥೆ 2008ರಲ್ಲಿ ಅದನ್ನು ಮೊದಲು ಹೊರತಂದಿತು. ಆಡುವವನು ರಾವುತನಾಗಿ ಕುದುರೆಯೇರುತ್ತಾನೆ. ಒಂದು ಗುಂಡಿ ಒತ್ತಿದರೆ ಓಡುತ್ತಿರುವ ಕುದುರೆ ನೆಗೆಯುತ್ತದೆ. ಆಟದ ನಿಯಮಗಳನ್ನು ಆಡುವವರೇ ತಿದ್ದಿಕೊಳ್ಳುವ ಅನುಕೂಲವೂ ಅದರಲ್ಲಿದೆ. ಅಂಥ ತಿದ್ದುಪಡಿಗೆ ‘ಮಾಡ್’ ಎನ್ನುತ್ತಾರಂತೆ. ಹುಡುಗ ಒಂದು ದಿನ ತರಗತಿ ಮುಗಿದ ಮೇಲೆ ನನ್ನ ಮೇಜಿನ ಬಳಿ ನಿಂತು ಕೇಳಿದ: “ಸರ, ಆಟದಾಗ ಕುದುರಿ ಹಾರೂದು ನೋಡಿದ್ರ ಖರೆ ಅನಸೂದಿಲ್ರಿ. ಅದನ್ನ ತಿದ್ದಬೇಕಂತ ಮಾಡೀನಿ. ಆಗಿನ ಕಾಲದಾಗ ಕುದುರಿ ಎಷ್ಟು ಎತ್ತರ ಹಾರತಿದ್ವು, ಎಷ್ಟು ದೂರ ಹಾರತಿದ್ವು, ಹೇಳ್ರಿ.”

“ನಾಳೆ ಹೇಳತೇನಪಾ” ಎಂದೆ. ಆ ನಾಳೆ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಕಂಡುಕೊಂಡದ್ದನ್ನು ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಪಂಡಿತ ಪರೀಕ್ಷೆಗೆ ಓದಿದವನು ಮೊದಲು ತೆರೆಯುವುದು ನಿಘಂಟನ್ನೇ. ಅಮರಸಿಂಹನು ತನ್ನ ಕೋಶದ ಕ್ಷತ್ರಿಯವರ್ಗದಲ್ಲಿ ಕುದುರೆಯ ನಡೆಗಳನ್ನು ಐದಾಗಿ ಎಣಿಸಿ ಅವಕ್ಕೆ ‘ಧಾರೆ’ಗಳೆಂದು ಹೆಸರಿಟ್ಟಿದ್ದಾನೆ. ಆಸ್ಕಂದಿತ, ಧೌರಿತಕ, ರೇಚಿತ ಮತ್ತು ವಲ್ಗಿತಗಳಾದ ಮೇಲೆ ಕೊನೆಯದು ಪ್ಲುತ. ಪ್ಲುತವೆಂದರೆ ನೆಗೆತದ ನಡೆ. ಅದು ಕೊನೆಗೆ ಬಂದದ್ದು ಛಂದಸ್ಸಿನ ಸೌಕರ್ಯಕ್ಕಾಗಿ ಇರಬಹುದು. ಆದರೂ ಉಳಿದ ನಾಲ್ಕನ್ನು ಕಲಿಯದ ಕುದುರೆಗೆ ಐದನೆಯದು ಬಾರದೆಂಬುದನ್ನು ಕುದುರೆ ಪಳಗಿಸುವ ಯಾರೂ ಒಪ್ಪುತ್ತಾರೆ.

‘ಪ್ಲುತ’ ಎಂಬ ಶಬ್ದವನ್ನು ತಾವೂ ಶಾಲೆಯಲ್ಲಿ ಕಲಿತಿದ್ದೀರಿ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ದೂರದಲ್ಲಿರುವವರನ್ನು ಕೂಗುವಾಗ ಎಳೆಯುವ ಸ್ವರವದು. ಎರಡೂ ಶಬ್ದಗಳಿಗೆ ಧಾತು ಒಂದೇ, ‘ಪ್ಲು’. ಈ ಧಾತುವಿಗೆ ಹಾರುವುದೆಂಬ ಅರ್ಥವುಂಟು, ತೇಲುವುದೆಂಬ ಅರ್ಥವೂ ಉಂಟು. ಆದ್ದರಿಂದಲೇ ‘ಪ್ಲವ’ವೆಂದರೆ ದೋಣಿ, ‘ಪ್ಲವಂಗ’ವೆಂದರೆ ಮಂಗ. ಈ ಎರಡರ್ಥವನ್ನು ತಾವು ನೆನಪಿನಲ್ಲಿಡಬೇಕು; ಮುನವಳ್ಳಿಯ ಹೊಳೆಯ ಮಾತು ಬಂದಾಗ ಬೇಕಾಗುತ್ತದೆ.

ಇನ್ನು ಎತ್ತರ ಮತ್ತು ದೂರದ ಪ್ರಶ್ನೆ. ಹಳೆಯ ಕಾಲದ ನೆಗೆತಗಳನ್ನು ಅಳೆದಿಟ್ಟವರಿಲ್ಲವಾದ್ದರಿಂದ ಇತ್ತೀಚಿನ ಅಳತೆಗಳಿಂದಲೇ ಹಿಂದಕ್ಕೆ ತರ್ಕಿಸಬೇಕು. 1949ರ ಫೆಬ್ರುವರಿ 5ರಂದು ಚಿಲಿ ದೇಶದ ವಿನ್ಯಾ ದೆಲ್ ಮಾರ್ ಎಂಬಲ್ಲಿ ಆಲ್ಬರ್ಟೋ ಲಾರಾಗೀಬೆಲ್ ಎಂಬ ಸೇನಾಧಿಕಾರಿ ‘ಉವಾಸೋ’ ಎಂಬ ಕುದುರೆಯನ್ನು 2.47 ಮೀಟರು ಎತ್ತರ ಹಾರಿಸಿದ. ಅಗಲದ ದಾಖಲೆ 8.40 ಮೀಟರು, ಅದು 1975ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಆದದ್ದು. ಇವು ಆಯ್ದ ಕುದುರೆಗಳು ಸಿದ್ಧಪಡಿಸಿದ ಅಂಗಳದಲ್ಲಿ, ಬರಿಯ ಸವಾರನನ್ನು ಹೊತ್ತು, ಜೀವಮಾನದಲ್ಲಿ ಒಮ್ಮೆ ಸಾಧಿಸಿದವು. ಕವಚ ತೊಟ್ಟ ರಾವುತ, ಅವನ ಕತ್ತಿ ಗುರಾಣಿ, ಹಲ್ಲಣ, ಮೇಲೆ ಕುದುರೆಗೇ ಹೊದಿಸುವ ಹಕ್ಕರಿಕೆ, ಇಷ್ಟು ಭಾರ ಹೊತ್ತು ಉಳುಮೆಯ ಎರೆಹೊಲದಲ್ಲಿ ಓಡುವ ಕುದುರೆಯಿಂದ ಅದರ ಅರ್ಧವನ್ನು ನಿರೀಕ್ಷಿಸುವುದೂ ಹೆಚ್ಚೇ. ಕೋಟೆಯ ಸುತ್ತ ಕಂದಕ ತೋಡಿದವರಿಗೆ ಈ ಲೆಕ್ಕ ಚೆನ್ನಾಗಿ ತಿಳಿದಿತ್ತು. ಕುದುರೆ ಹಾರಲಾರದಷ್ಟು ಅಗಲವಾಗಿರಬೇಕೆಂಬುದೇ ಕಂದಕದ ಒಂದು ಉದ್ದೇಶ.

ಕುದುರೆ ಹಾರುವ ಬಗೆಯನ್ನೂ ಹುಡುಗನಿಗೆ ಹೇಳಬೇಕಾಗಿತ್ತು. ಅವನು ವೀರಗಲ್ಲಿನ ಚಿತ್ರವೊಂದನ್ನು ನೋಡಿ ಅದರಂತೆಯೇ ಆಟದ ಕುದುರೆಯ ಕಾಲುಗಳನ್ನು ಮುಂದಕ್ಕೆ ಚಾಚಿಸಿದ್ದ. ನಮ್ಮ ಕಡೆಯ ಊರುಗಳಲ್ಲಿ ಗುಡಿಯ ಪಕ್ಕಕ್ಕೋ ಅಗಸಿಯ ಬಳಿಗೋ ಒರಗಿ ನಿಂತ ವೀರಗಲ್ಲುಗಳನ್ನು ತಾವು ಕಂಡಿರುತ್ತೀರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಕೆಲವು ಕಲ್ಲುಗಳ ಕಾಳಗದಲ್ಲಿ ಕುದುರೆಯೂ ಇರುತ್ತದೆ. ಶಿಲ್ಪಿ ತೋರಿಸಿದ್ದು ವೇಗದ ಭಾವವನ್ನು. ಕಾಲುಗಳ ಕ್ರಮ ಕಣ್ಣಿಗೆ ನಿಲುಕುವಂಥದಲ್ಲ. ಓಡುವ ಕುದುರೆಯ ನಾಲ್ಕೂ ಕಾಲುಗಳು ನೆಲ ಬಿಡುವುದು ಅವು ಚಾಚಿದಾಗಲ್ಲ, ಹೊಟ್ಟೆಯಡಿ ಕೂಡಿಬಂದಾಗ ಎಂಬುದು ಲೋಕಕ್ಕೆ ನಿಶ್ಚಯವಾದದ್ದು 1878ರಲ್ಲಿ, ಅಮೆರಿಕದಲ್ಲಿ ಮೈಬ್ರಿಜ್ ತೆಗೆದ ಛಾಯಾಚಿತ್ರಗಳಿಂದ. ನೆಗೆಯುವ ಕುದುರೆ ಮೊದಲು ಮುಂದಿನ ಮೈಯನ್ನೆತ್ತುತ್ತದೆ, ಹಿಂಗಾಲುಗಳಿಂದ ನೆಲವನ್ನು ಒದ್ದು ಏಳುತ್ತದೆ, ಮುಂಗಾಲುಗಳನ್ನು ಮಡಿಚಿ ಅಡ್ಡಿಯನ್ನು ದಾಟುತ್ತದೆ. ಇಳಿಯುವಾಗ ಮುಂಗಾಲೊಂದು ಮೊದಲು ನೆಲಕ್ಕೆ ತಾಗುತ್ತದೆ. ಆ ಕ್ಷಣದಲ್ಲಿ ಕುದುರೆಯ ಭಾರ, ಸವಾರನ ಭಾರ, ವೇಗದ ಭಾರ ಎಲ್ಲವೂ ಆ ಒಂದು ಕಾಲಿನ ಮೇಲೆ.

ಸವಾರನ ಕುಳಿತ ಭಂಗಿಯೂ ಮುಖ್ಯ. ಕುದುರೆ ಹಾರುವಾಗ ಸವಾರನು ಮುಂದಕ್ಕೆ ಬಾಗಬೇಕೆಂಬ ಪದ್ಧತಿಯನ್ನು ರೂಢಿಗೆ ತಂದವನು ಇಟಲಿಯ ಫೆಡೆರಿಕೋ ಕ್ಯಾಪ್ರಿಲ್ಲಿ. ಅವನು ತೀರಿಕೊಂಡದ್ದು 1907ರಲ್ಲಿ. ಅದಕ್ಕೆ ಮೊದಲು ಯುರೋಪಿನ ಸವಾರರು ನೆಗೆತದಲ್ಲಿ ಹಿಂದಕ್ಕೆ ಒರಗಿ ಲಗಾಮನ್ನು ಜಗ್ಗುತ್ತಿದ್ದರು. ಆಟದಲ್ಲಿ ಮಧ್ಯಯುಗದ ಸವಾರ ಈಗಿನವರಂತೆ ಬಾಗಿದರೆ ಅದೂ ಒಂದು ಕಾಲದೋಷವೇ.

ಹಾಗಾದರೆ ನಮ್ಮ ನಾಡಿನಲ್ಲಿ ಕುದುರೆಗೆ ಈ ವಿದ್ಯೆಯನ್ನು ಕಲಿಸಿದವರು ಯಾರು? ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಲಿ ವಿನೋದವೆಂಬ ಪ್ರಕರಣವೊಂದುಂಟು. ಆಗ ನಮ್ಮ ಸವದತ್ತಿಯ ರಟ್ಟರು ಆ ಚಕ್ರವರ್ತಿಗಳ ಮಾಂಡಲಿಕರು. ವಾಹ್ಯಾಲಿಯೆಂದರೆ ಕುದುರೆಗಳನ್ನು ನಡೆಸಿ, ಓಡಿಸಿ, ತಿರುಗಿಸಿ ತೋರಿಸುವ ಬಯಲು. ಅದೇ ಕನ್ನಡದಲ್ಲಿ ‘ವೈಹಾಳಿ’ಯಾಯಿತು. ಅಲ್ಲಿ ಸವಾರರು ಎರಡು ಪಕ್ಷವಾಗಿ ಕೋಲಿನಿಂದ ಚೆಂಡನ್ನು ಹೊಡೆದು ತೋರಣದೊಳಗೆ ನುಗ್ಗಿಸುವ ಆಟವೂ ನಡೆಯುತ್ತಿತ್ತು. ಅರಸನ ವಿನೋದವೆಂದು ಹೆಸರು. ಆದರೆ ಅದರೊಳಗೆ ಕುದುರೆಯ ಓಟ, ತಿರುವು, ಧೈರ್ಯ ಎಲ್ಲದರ ಪರೀಕ್ಷೆಯೂ ಆಗುತ್ತಿತ್ತು.

ಕುದುರೆಯ ಬೆಲೆಯನ್ನೂ ಮರೆಯಬಾರದು. ಒಳ್ಳೆಯ ಕುದುರೆಗಳು ನಮ್ಮ ನಾಡಿಗೆ ಸಮುದ್ರದ ಮೇಲಿಂದ ಬರಬೇಕಾಗಿತ್ತು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದದ್ದನ್ನು ನೋಡಿದರೆ, ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದ. ಅವುಗಳಲ್ಲಿ ಓರ್ಮುಜಿನವೂ ದೇಶೀಯವೂ ಇದ್ದವು. ಸಾಳುವ ನರಸಿಂಹನ ವಿಷಯವಾಗಿ ಅವನು ಹೇಳುವ ಸಂಗತಿ ಇನ್ನೂ ವಿಚಿತ್ರ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅರಸನು ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಸಾವಿರ ಪರ್ದಾವುಗಳಿಗೆ ಮೂರು ಕುದುರೆಯಂತೆ ಲೆಕ್ಕ. ಬಾಲಕ್ಕೂ ಹಣ ಸಲ್ಲುತ್ತಿದ್ದ ಕಾಲದಲ್ಲಿ ಬೇಕಾಬಿಟ್ಟಿ ಹಾರಿಸಿ ಕುದುರೆಯ ಕಾಲು ಮುರಿದವನಿಗೆ ಏನಾಗುತ್ತಿತ್ತೆಂದು ತಾವೇ ಊಹಿಸಿರಿ.

ಇಂಥ ಪ್ರಾಣಿಯನ್ನು ಕಾಯಲು ಲಾಯದ ಅಧಿಕಾರಿಯಾದ ಸಾಹಣಿಯಿದ್ದ, ಲಾಳ ಹೊಡೆಯುವವನಿದ್ದ, ಹುಲ್ಲು ಹುರುಳಿ ಹಾಕುವವನಿದ್ದ, ವೈದ್ಯನಿದ್ದ. ಕನ್ನಡದಲ್ಲಿಯೇ ಅಶ್ವವೈದ್ಯ ಗ್ರಂಥಗಳು ಹುಟ್ಟಿದವು. ಅಭಿನವಚಂದ್ರನು ಒಂದನ್ನು ಬರೆದ. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನು ‘ಹಯಸಾರ ಸಮುಚ್ಚಯ’ವನ್ನು ರಚಿಸಿದ. ಯುದ್ಧದಲ್ಲಿ ಹಾರಿದ ಕುದುರೆಯ ರಾವುತನಿಗೆ ವೀರಗಲ್ಲು ನಿಂತಿತು. ಅದಕ್ಕೆ ಹಾರಲು ಕಲಿಸಿದವನ ಹೆಸರು ಎಲ್ಲಿಯೂ ನಿಲ್ಲಲಿಲ್ಲ. ನಾನೂ ಇಷ್ಟು ವರ್ಷ ರಾವುತನ ಹೆಸರನ್ನಷ್ಟೇ ಹಲಗೆಯ ಮೇಲೆ ಬರೆಸಿದೆ.

ಹಳೆಯ ಐತಿಹ್ಯಗಳಿಗೆ ಈ ವಿವೇಕ ಇಲ್ಲದಿರಲಿಲ್ಲ. 1576ರ ಹಳದಿಘಾಟಿನ ಕಾಳಗದಲ್ಲಿ ರಾಣಾ ಪ್ರತಾಪನನ್ನು ಹೊತ್ತ ಚೇತಕನು ಗಾಯಗೊಂಡಿದ್ದರೂ ಹಳ್ಳವೊಂದನ್ನು ಹಾರಿ ಒಡೆಯನನ್ನು ಉಳಿಸಿತೆಂದು ರಾಜಸ್ಥಾನದಲ್ಲಿ ಹೇಳುತ್ತಾರೆ. ಹಾರಿದ ಮೇಲೆ ಕುದುರೆ ಬದುಕಲಿಲ್ಲವೆಂದೂ ಅದೇ ಕಥೆ ಹೇಳುತ್ತದೆ. ಕಥೆ ಕಟ್ಟಿದ ಜನಕ್ಕೆ ನೆಗೆತದ ಬೆಲೆ ಗೊತ್ತಿತ್ತು.

ಈಗ ನಮ್ಮ ಊರಿಗೆ ಬರೋಣ. ಮುನವಳ್ಳಿ ಮಲಪ್ರಭೆಯ ದಂಡೆಯ ಊರು. ಪಂಚಲಿಂಗೇಶ್ವರ ದೇವಾಲಯವನ್ನೂ ಹೊಳೆಯ ಕಡೆಯ ಕೋಟೆಯನ್ನೂ ನೋಡಲು ಬಂದವರಿಗೆ ನಾವು ಹೇಳುವ ಕಥೆಗಳು ಅನೇಕ. 1800ರ ಜುಲೈ 30ರ ಮಾತನ್ನು ಮಾತ್ರ ನಾನು ನನ್ನ ವಿದ್ಯಾರ್ಥಿಗಳಿಗೆ ಒಮ್ಮೆಯೂ ಹೇಳಿರಲಿಲ್ಲ.

ಚನ್ನಗಿರಿಯ ಕಡೆಯ ಧೋಂಡಿಯಾ ವಾಘನು ಟಿಪ್ಪುವಿನ ಸೆರೆಯಲ್ಲಿದ್ದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬಿಡುಗಡೆ ಹೊಂದಿ, ಕುದುರೆಯ ದಂಡು ಕಟ್ಟಿ, ಇಂಗ್ಲಿಷರಿಗೆ ವರ್ಷಕ್ಕೂ ಮಿಕ್ಕಿ ಕಾಟ ಕೊಟ್ಟ. ಅವನ ಬೆನ್ನಟ್ಟಿದವನು ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್‌ಲೂ ರಣದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಇವನೇ. ಜುಲೈ 26ಕ್ಕೆ ಡಂಬಳದ ಕೋಟೆಯನ್ನು ಹಿಡಿದು, 30ರಂದು ತನ್ನ ಕುದುರೆಯ ದಂಡಿನೊಡನೆ ಮುನವಳ್ಳಿಯ ಬಳಿ ಧೋಂಡಿಯಾನ ಪಾಳೆಯದ ಮೇಲೆ ಬಿದ್ದ. ಮುಂದೆ ಮಳೆಗಾಲದ ಹೊಳೆ, ಹಿಂದೆ ಸವಾರರು. ಸಾಮಾನು ಸರಂಜಾಮು ಕೈಬಿಟ್ಟು ಜನ ಹೊಳೆಗೆ ಬಿದ್ದರು. ಮುಳುಗಿದವರು ಸುಮಾರು ಐದು ಸಾವಿರವೆಂದು ವೆಲ್ಲೆಸ್ಲಿಯೇ ಪತ್ರದಲ್ಲಿ ಬರೆದಿದ್ದಾನೆ. ಧೋಂಡಿಯಾ ಅಂದು ಸಿಗಲಿಲ್ಲ. ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಕಾಳಗದಲ್ಲಿ ಸತ್ತ.

ಎಂಟು ಮೀಟರಿನ ನೆಗೆತ ಲೋಕದ ದಾಖಲೆ. ತುಂಬಿದ ಮಲಪ್ರಭೆಯ ಮುಂದೆ ಅದು ಯಾವ ಲೆಕ್ಕ? ಆ ದಿನ ಇಲ್ಲಿ ಯಾವ ಕುದುರೆಯೂ ಹಾರಲಿಲ್ಲ. ಹಾರಬಲ್ಲಂಥ ಕುದುರೆ ಹುಟ್ಟಿಯೇ ಇಲ್ಲ. ಉಳಿದದ್ದು ‘ಪ್ಲು’ ಧಾತುವಿನ ಎರಡನೆಯ ಅರ್ಥ, ಈಸುವುದು. ಈಸಬಲ್ಲವು ಈಸಿದವು, ಉಳಿದವು ಹೋದವು. ಮನುಷ್ಯರ ಮಾತೂ ಅಷ್ಟೇ. ದಂಡಿನ ಹಿಂದೆ ಹೊಟ್ಟೆಪಾಡಿಗೆ ನಡೆದ ಬಡ ಪರಿವಾರದವರೂ ಪಾಳೆಯಗಳಲ್ಲಿ ಇರುತ್ತಿದ್ದ ಕಾಲವದು. ಈ ದಂಡೆಯಿಂದ ಆ ದಂಡೆಗೆ ತಮ್ಮವರ ಹೆಸರು ಹಿಡಿದು ಕೂಗಿದವರ ಸ್ವರ ಪ್ಲುತವೇ ಆಗಿದ್ದಿರಬೇಕು. ನವಿಲುತೀರ್ಥದ ಆಣೆಕಟ್ಟು ಆದ ಮೇಲೆ ಹೊಳೆಯ ರಭಸ ಮೊದಲಿನಂತಿಲ್ಲ. ಸೇತುವೆಯ ಮೇಲೆ ನಿಂತಾಗ ಇಲ್ಲಿ ಇಷ್ಟು ಜನ ಹೋದರೆಂದು ನೆನೆಯುವುದು ನಮ್ಮ ಕಡೆಯಿಂದ ಸಲ್ಲಬೇಕಾದ ಸಣ್ಣ ಋಣ.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಅವನು ಒಂದು ಹಾಳೆಯ ಮೇಲೆ ನಾಲ್ಕು ನಿಯಮ ಬರೆದುಕೊಂಡ: ಓಟವಿಲ್ಲದೆ ನೆಗೆತವಿಲ್ಲ, ಭಾರ ಹೆಚ್ಚಿದಷ್ಟು ನೆಗೆತ ಕಡಿಮೆ, ದಣಿದ ಕುದುರೆ ಇಳಿಯುವಾಗ ಮುಗ್ಗರಿಸಬೇಕು, ಆಗದ ಕಡೆ ಕುದುರೆ ತಾನೇ ನಿಲ್ಲಬೇಕು. ಅಣ್ಣನ ಸಹಾಯದಿಂದ ದೀಪಾವಳಿಯ ರಜೆಯಲ್ಲಿ ಆಟವನ್ನು ತಿದ್ದಿದ. ನೋಡಲು ನನ್ನನ್ನೂ ಕರೆದಿದ್ದ. ಪರದೆಯ ಮೇಲೆ ಕುದುರೆ ಭರದಿಂದ ಓಡಿಬಂದು ಹೊಳೆಯ ಅಂಚಿನಲ್ಲಿ ಗಕ್ಕನೆ ನಿಂತುಬಿಟ್ಟಿತು. ಎಷ್ಟು ಗುಂಡಿ ಒತ್ತಿದರೂ ಮುಂದೆ ಹೆಜ್ಜೆಯಿಡಲಿಲ್ಲ. ಸುತ್ತ ಕುಳಿತ ಗೆಳೆಯರು ನಕ್ಕು, “ನಿನ್ನ ಕುದುರಿ ಕೆಟ್ಟೈತೋ” ಎಂದರು.

“ಕೆಟ್ಟಿಲ್ಲೋ, ಶಾಣ್ಯಾ ಆಗೈತಿ” ಎಂದ ಹುಡುಗ.