ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳು

ಕರಾವಳಿಯ, ಮಲೆನಾಡಿನ ಹಳೆಯ ಮನೆಗಳಲ್ಲಿ ಬಾಳುವೆ ಮಾಡಿದ ಹೆಂಗಸರಿಗೆ ಮಳೆಗಾಲವೆಂದರೆ ಮೊದಲು ನೆನಪಾಗುವುದು ಬೂಷ್ಟಿನ ವಾಸನೆ. ಜೂನ್ ಕಳೆದು ಜುಲೈ ಕಾಲಿಡುವಷ್ಟರಲ್ಲಿ ಕಪಾಟಿನ ಬಾಗಿಲು ಉಬ್ಬಿ ಮುಚ್ಚದಾಗುತ್ತದೆ. ಮಂಚದ ತಲೆಹಲಗೆಯ ಹಿಂದೆ ಬಿಳಿಯ ಪುಡಿ ಹಬ್ಬುತ್ತದೆ. ಮದುವೆಯ ಸೀರೆಯ ಜರಿ ಕಪ್ಪಿಡುತ್ತದೆ. "ಹಳೇ ಮನೆಯಲ್ಲವೇ, ಶೀತ ಇದ್ದದ್ದೇ" ಎಂದು ಎಲ್ಲರೂ ಮನೆಯನ್ನೇ ದೂರುತ್ತಾರೆ. ನನಗೆ ಈ ದೂರು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅದೇ ಗೋಡೆಗಳ ನಡುವೆ ನಮ್ಮ ಅಜ್ಜಿಯಂದಿರ ಹಲಸಿನ ಪೆಟ್ಟಿಗೆಗಳೂ ಬೀಟೆಯ ಮಂಚಗಳೂ ಮೂರು ತಲೆಮಾರು ಕೆಡದೆ ಉಳಿದವಲ್ಲ, ಅದು ಹೇಗೆ? ಈ ಪ್ರಶ್ನೆಯ ಜಾಡು ಹಿಡಿದು ಹೊರಟರೆ ನಮ್ಮ ಮನೆಗಳ ಚರಿತ್ರೆಯ ಜೊತೆಗೆ, ಅವುಗಳಲ್ಲಿ ದುಡಿದವರ ಚರಿತ್ರೆಯೂ ಸಿಗುತ್ತದೆ.

ಮೊದಲು ಗೋಡೆಯ ಮಾತು. ಕರಾವಳಿಯ ಗೋಡೆ ಎಂದರೆ ಮುರಕಲ್ಲು. ಉತ್ತರ ಕನ್ನಡದ ಕಡೆ ಅದನ್ನೇ ಚಿರೆಕಲ್ಲು ಎನ್ನುತ್ತಾರೆ, ಮಲೆನಾಡಿನಲ್ಲಿ ಜಂಬಿಟ್ಟಿಗೆ. 1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಈ ಸೀಮೆಗಳಲ್ಲಿ ಸಂಚರಿಸುತ್ತಾ ಮಲಬಾರಿನ ಅಂಗಡಿಪುರದ ಬಳಿ ಈ ಕಲ್ಲನ್ನು ಗಮನಿಸಿದ. 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ 'ಲೇಟರ್' ಎನ್ನುತ್ತಾರಂತೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆಯಲ್ಲ! ಈ ಕಲ್ಲಿನ ಮೈತುಂಬ ತೂತು. ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ ಅದು ನೆಲದ ನೀರನ್ನು ಎಳೆದುಕೊಳ್ಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಂಥ ಊರಿನಲ್ಲಿ ಇಂಥ ಗೋಡೆ ಒದ್ದೆಯಾಗದೆ ಇರುವುದುಂಟೇ?

ಹಿಂದಿನವರು ಗೋಡೆ ಒದ್ದೆಯಾಗಬಾರದೆಂದು ಹಟ ಹಿಡಿಯಲಿಲ್ಲ. ಒದ್ದೆಯಾದದ್ದು ಒಣಗಬೇಕೆಂದು ನೋಡಿಕೊಂಡರು. ಅಳಿವೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆಯನ್ನು ಗೋಡೆಗೆ ಬಳಿದರು. ಸುಣ್ಣ ಉಸಿರಾಡುವ ವಸ್ತು. ಒಳಗೆ ಹೊಕ್ಕ ತೇವವನ್ನು ಅದು ಹೊರಗೆ ಬಿಡುತ್ತದೆ. ಮಾಡೂ ಅಷ್ಟೇ. ಮೊದಲು ಮುಳಿಹುಲ್ಲು ಇತ್ತು, ಆಮೇಲೆ ಹಂಚು ಬಂತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ದೇಶವಿದೇಶಕ್ಕೆಲ್ಲ ಹೋಯಿತು. ಹಂಚುಗಳ ಸಂದಿಯಲ್ಲಿ ಗಾಳಿ ಆಡುತ್ತಿದ್ದುದರಿಂದ ಮನೆಯೊಳಗಿನ ಆವಿ ಮೇಲೆ ಹೋಗಲು ದಾರಿಯಿತ್ತು.

ಇನ್ನು ಮನೆಯೊಳಗಿನ ಸಾಮಾನು. ಆ ಕಾಲದ ಮನೆಗಳಲ್ಲಿ ಗೋಡೆಗೆ ಒತ್ತಿ ನಿಲ್ಲಿಸುವ ವಸ್ತುಗಳೇ ಕಡಿಮೆ. ಕೂರಲು ಮಣೆ, ಮಲಗಲು ಚಾಪೆ. ಬೆಳಗಾದರೆ ಎರಡೂ ಜಾಗ ಖಾಲಿ ಮಾಡುತ್ತಿದ್ದವು. ಸೀರೆ ಒಣಗುವುದು ಜಂತಿಯಿಂದ ತೂಗಿಬಿಟ್ಟ ಗಳದಲ್ಲಿ. ಹಾಲುಮೊಸರು ನೆಲುವಿನಲ್ಲಿ. ಉಳ್ಳವರ ಮನೆಯಲ್ಲಿ ತೂಗುಮಂಚ. ಭತ್ತದ ಪತ್ತಾಯಕ್ಕೆ ಕಾಲುಗಳಿದ್ದವು. ಪೆಟ್ಟಿಗೆಯ ಅಡಿಗೆ ಹಲಗೆಯನ್ನೋ ಕಲ್ಲನ್ನೋ ಕೊಡುತ್ತಿದ್ದರು. ಕೆಡಬಾರದ ವಸ್ತು ಅಡಿಗೆಮನೆಯ ಮೇಲಿನ ಅಟ್ಟಕ್ಕೆ ಹೋಗುತ್ತಿತ್ತು. ಅಲ್ಲಿ ಒಲೆಯ ಹೊಗೆ ಕಾವಲಿಗಿತ್ತು. ಒಟ್ಟಿನಲ್ಲಿ ಮರಕ್ಕೂ ಗೋಡೆಗೂ ನಡುವೆ ಗಾಳಿ ಓಡಾಡುತ್ತಿತ್ತು.

ಇದೆಲ್ಲ ತಾನಾಗಿಯೇ ನಡೆಯುತ್ತಿತ್ತು ಎಂದುಕೊಂಡರೆ ತಪ್ಪಾದೀತು. ಮಳೆ ಹಿಡಿಯುವ ಮೊದಲೇ ಪಡುವಣ ಗೋಡೆಗೆ ಅಡಿಕೆ ಸೋಗೆಯ ಜಡಿತಟ್ಟಿ ಕಟ್ಟಬೇಕು, ಎರಚಲು ತಾಗದ ಹಾಗೆ. ಹಂಚು ಕೈಯಾಡಿಸಬೇಕು. ಮನೆಯ ಸುತ್ತ ಕಣಿ ಬಿಡಿಸಬೇಕು. ವರುಷ ವರುಷ ಸುಣ್ಣ ಬಳಿಯಬೇಕು. ಮರಕ್ಕೆ ಗೆದ್ದಲು ಹತ್ತದಂತೆ ಗೇರೆಣ್ಣೆ ಸವರಬೇಕು. ಈ ಕೆಲಸಗಳಿಗೆ ದೊಡ್ಡ ಮನೆಗಳಲ್ಲಿ ಒಕ್ಕಲಿನವರು ಬರುತ್ತಿದ್ದರು, ಹೆಚ್ಚಿನ ಪಾಲು ಬಿಟ್ಟಿಗೆ. ಒಳಗಿನ ಒರೆಸುವುದು, ಬಿಸಿಲಿಗೆ ಹಾಕುವುದು, ಮತ್ತೆ ಮಡಿಸಿಡುವುದು ಮನೆಯ ಹೆಂಗಸರ ಪಾಲಿಗೆ. ಅವರಿಗೆ ಕೂಲಿ ಯಾರು ಲೆಕ್ಕ ಹಾಕಿದ್ದಾರೆ? ಹಳೆಯ ಮನೆಗಳ ಚೆಂದವನ್ನು ಹೊಗಳುವಾಗ ಈ ಎರಡು ದುಡಿಮೆಗಳನ್ನೂ ನೆನೆಯಬೇಕು ಎಂಬುದು ನನ್ನ ಮಾತು.

1974ರ ಭೂಸುಧಾರಣೆಯಿಂದ ಉಳುವವನಿಗೆ ಭೂಮಿ ಬಂತು. ಅದು ನ್ಯಾಯವೇ. ಆದರೆ ಬಿಟ್ಟಿ ದುಡಿಮೆಯ ಮೇಲೆ ನಿಂತಿದ್ದ ದೊಡ್ಡ ಮನೆಗಳಿಗೆ ಕೈಗಳು ಇಲ್ಲದಾದವು. ಮಕ್ಕಳು ಮುಂಬಯಿಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋದರು. ಹನ್ನೆರಡು ಕೋಣೆಗಳ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬಳೇ ಉಳಿದಳು. ಜಡಿ ಕಟ್ಟುವವರು ಯಾರು? ಆ ಹೊತ್ತಿಗೆ ಸರಿಯಾಗಿ ಸಿಮೆಂಟು ಬಂತು. ಅಲ್ಲಿಯವರೆಗೆ ಪರ್ಮಿಟ್ಟಿಗೆ ಕಾಯಬೇಕಿದ್ದ ಸಿಮೆಂಟಿನ ಮೇಲಿನ ನಿಯಂತ್ರಣವನ್ನು ಸರಕಾರ 1982ರಲ್ಲಿ ಅರ್ಧಂಬರ್ಧ ಸಡಿಲಿಸಿತು, 1989ರಲ್ಲಿ ಪೂರ್ತಿ ತೆಗೆಯಿತು. ಒಮ್ಮೆ ಬಳಿದರೆ ಮತ್ತೆ ಚಿಂತೆಯಿಲ್ಲ ಎಂದರು ಮೇಸ್ತ್ರಿಗಳು. ಒಂಟಿ ಹೆಂಗಸಿಗೆ ಅದು ವರದಾನದ ಹಾಗೆ ಕೇಳಿಸಿದ್ದರಲ್ಲಿ ಆಶ್ಚರ್ಯವೇನು?

ನಮ್ಮ ಬಳಗದ ಮನೆಯೊಂದರಲ್ಲಿ ನಾನೇ ಕಂಡದ್ದು ಹೇಳುತ್ತೇನೆ. ಕೋಣೆಯ ಗೋಡೆಗೆ ಕೆಳಗಿನಿಂದ ಮೂರಡಿ ಸಿಮೆಂಟು ಮೆತ್ತಿಸಿ, ಮೇಲೆ ಎಣ್ಣೆಬಣ್ಣ ಹೊಡೆಸಿದರು. ಮೊದಲ ವರ್ಷ ನೋಡಲು ಲಕ್ಷಣವಾಗಿಯೇ ಇತ್ತು. ಮೂರನೆಯ ಮಳೆಗಾಲಕ್ಕೆ ಸಿಮೆಂಟಿನ ಗೆರೆಯ ಮೇಲೆ, ಆಳೆತ್ತರದಲ್ಲಿ ಹೊಸ ಕಲೆ ಎದ್ದಿತು. ಕೆಳಗೆ ಹೊರಬರುವ ದಾರಿ ಮುಚ್ಚಿದ ಮೇಲೆ ನೀರು ಮೇಲಕ್ಕೆ ಏರಿ ಅಲ್ಲಿ ಹೊರಬಂತು. ಆ ಗೋಡೆಗೆ ಒತ್ತಿ ನಿಲ್ಲಿಸಿದ್ದ ಬಟ್ಟೆಯ ಕಪಾಟಿನ ಹಿಂಬದಿ ಪುಡಿಯಾಗಿತ್ತು. ಒಳಗಿದ್ದ ಆಸ್ತಿಪತ್ರಗಳು ಒಂದಕ್ಕೊಂದು ಅಂಟಿ ಬಿಡಿಸಲು ಬಾರದಾಗಿದ್ದವು. ಆ ಮನೆಯ ಅತ್ತೆಗೆ ಇದ್ದ ಆಧಾರವೇ ಆ ಕಾಗದ. ನಕಲು ಪಡೆಯಲು ಅವರು ಎಷ್ಟು ತಿಂಗಳು ಅಲೆದರೋ, ಆ ಅಲೆದಾಟದ ಲೆಕ್ಕ ಗೋಡೆಗೆ ತಿಳಿಯದು.

ಇಷ್ಟರಲ್ಲಿ ಸಾಮಾನುಗಳ ರೀತಿಯೂ ಬದಲಾಗಿತ್ತು. ಗೋದ್ರೇಜಿನವರು ಉಕ್ಕಿನ ಬೀರು ಮಾಡತೊಡಗಿದ್ದು 1923ರಲ್ಲಿ. ನಿಧಾನವಾಗಿ ಅದು ಮದುವೆಯ ಉಡುಗೊರೆಯಾಗಿ ನಮ್ಮ ಕೋಣೆಗಳನ್ನೂ ಹೊಕ್ಕಿತು. ಹಿಂದೆಯೇ ಪ್ಲೈವುಡ್ಡಿನ ಕಪಾಟು, ಷೋಕೇಸು. ಇವೆಲ್ಲ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಜಾತಿ. ಉಸಿರು ಕಟ್ಟಿದ ಗೋಡೆ, ಅದಕ್ಕೆ ಅಂಟಿದ ಕಪಾಟು. ನಡುವೆ ನಿಂತ ಗಾಳಿಯಲ್ಲಿ ಬೂಷ್ಟಿಗೆ ಹಬ್ಬ.

ಈಗ ಮಾಡುವುದೇನು? ಜಡಿ ಕಟ್ಟುವ ಕಾಲ ಮತ್ತೆ ಬಾರದು, ಬರುವುದೂ ಬೇಡ. ಆದರೆ ಒಬ್ಬಳ ಕೈಯಲ್ಲಿ ಆಗುವಂಥದ್ದು ಎಷ್ಟೋ ಇದೆ. ಕಪಾಟು, ಮಂಚಗಳನ್ನು ಗೋಡೆಯಿಂದ ನಾಲ್ಕು ಬೆರಳಾದರೂ ಈಚೆಗೆ ಸರಿಸಿ. ಸಾಧ್ಯವಿದ್ದರೆ ಹೊರಗೋಡೆ ಬಿಟ್ಟು ಒಳಗೋಡೆಯ ಬದಿಗೆ ಇಡಿ. ಕಾಲಿನ ಅಡಿಗೆ ಕಡಪ ಕಲ್ಲಿನ ತುಂಡು ಕೊಡಿ. ಗೋಡೆಗೂ ಕಪಾಟಿಗೂ ನಡುವೆ ಪ್ಲಾಸ್ಟಿಕ್ ಹಾಳೆ ತೂರಿಸಬೇಡಿ. ಅದು ತೇವವನ್ನು ಕೂಡಿಹಾಕುತ್ತದೆ. ಗೋಡೆಯ ಕಲೆ ಬೇಸಿಗೆಯಲ್ಲೂ ಬುಡದಲ್ಲೇ ಉಳಿದರೆ ನೀರು ನೆಲದಿಂದ ಬರುತ್ತಿದೆ ಎಂದು ತಿಳಿಯಿರಿ. ಮಳೆಯ ಜೊತೆ ಬಂದು ಮಳೆಯ ಜೊತೆ ಹೋದರೆ ಎರಚಲು, ಇಲ್ಲವೇ ಹಂಚಿನ ಸೋರಿಕೆ. ಹೊರಗೆ ಗೋಡೆಗೆ ಒತ್ತಿ ಮಣ್ಣು ಏರಿದ್ದರೆ ತೆಗೆಸಿ, ಚರಂಡಿ ಬಿಡಿಸಿ. ಗಾರೆ ತೆಗೆಸುವ ಪ್ರಸಂಗ ಬಂದರೆ ಸುಣ್ಣದ ಗಾರೆಯನ್ನೇ ಕೇಳಿ. ಮಳೆಯ ನಡುವೆ ಬಿಸಿಲು ಇಣುಕಿದ ದಿನ ಕಪಾಟಿನ ಬಾಗಿಲುಗಳನ್ನು ತೆರೆದಿಡಿ. ಆ ದಿನ ಮನೆಯ ಗಂಡಸರನ್ನೂ ಮಕ್ಕಳನ್ನೂ ಕರೆಯಿರಿ. ಇದು ಹೆಂಗಸರೇ ಮಾಡಬೇಕಾದ ಕೆಲಸವೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಮಣಿಪಾಲದ ವಿಜಯನಾಥ ಶೆಣೈಯವರು ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ತಂದು, ಮತ್ತೆ ಜೋಡಿಸಿ, ಒಂದು ಪಾರಂಪರಿಕ ಗ್ರಾಮವನ್ನೇ ಕಟ್ಟಿದರು. ಅಲ್ಲಿಯ ಕಂಬ, ಬಾಗಿಲುಗಳನ್ನು ನೋಡುವಾಗ ಕಣ್ಣು ತುಂಬುತ್ತದೆ. ಆದರೆ ಎಲ್ಲ ಮನೆಗಳೂ ಸಂಗ್ರಹಾಲಯ ಸೇರಲಾರವು. ಶೀತವೆಂಬ ಒಂದೇ ಕಾರಣಕ್ಕೆ ಅಜ್ಜಿಯ ಪೆಟ್ಟಿಗೆಯನ್ನು ಗುಜರಿಯವನ ತಕ್ಕಡಿಗೆ ಹಾಕುವ ಮೊದಲು, ಅದನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟು ಒಂದು ಮಳೆಗಾಲ ಕಾದು ನೋಡಬಾರದೇ?